ಎಂಬಾಸಿಂಗ್ ಪೌಡರ್ ಹೆಸರಲ್ಲಿ ಕಾಗೆ ಬಂಗಾರ: ಕಿಟ್ ಕೊಳ್ಳುವ ಮುಂಚೆ ಓದಿ

ಕೈಯಲ್ಲೇ ಗ್ರೀಟಿಂಗ್ ಕಾರ್ಡ್ ಮಾಡುವವರಿಗೆ, ಅದರಲ್ಲೂ ಹೊಸದಾಗಿ ಎಂಬಾಸಿಂಗ್ ಕಲಿಯುತ್ತಿರುವವರಿಗೆ ಈ ಬರಹ. ಎಲ್ಲ ಸಾಮಾನೂ ಒಂದೇ ಡಬ್ಬಿಯಲ್ಲಿ ಎಂದು ಆನ್‌ಲೈನಿನಲ್ಲಿ ಅಗ್ಗಕ್ಕೆ ಕಿಟ್ ಮಾರುತ್ತಾರಲ್ಲ, ಅದನ್ನು ನಂಬಿ ತರಿಸಬೇಡಿ. ಈಗಾಗಲೇ ತರಿಸಿದ್ದೀರಾ? ಎಷ್ಟು ಕಾಯಿಸಿದರೂ ಪುಡಿ ಕರಗುತ್ತಿಲ್ಲವಾ? ಹಾಗಿದ್ದರೆ ತಪ್ಪು ನಿಮ್ಮ ಕೈಯದ್ದಲ್ಲ, ಪುಡಿಯದ್ದು.

ಗೊತ್ತಿಲ್ಲದವರಿಗಾಗಿ ಮೊದಲು ಹೀಟ್ ಎಂಬಾಸಿಂಗ್ ಬಗ್ಗೆ ನಾಲ್ಕು ಮಾತು. ಬೇಗ ಒಣಗದ, ಅಂಟಂಟಾದ ಇಂಕಿನಲ್ಲಿ ಸ್ಟ್ಯಾಂಪ್ ಒತ್ತುತ್ತೇವೆ. ಅದು ಹಸಿಯಿರುವಾಗಲೇ ಮೇಲೆ ಪುಡಿ ಉದುರಿಸುತ್ತೇವೆ. ಉಳಿದ ಪುಡಿಯನ್ನು ಕಾಗದದ ಬೆನ್ನಿಗೆ ತಟ್ಟಿ ಡಬ್ಬಿಗೆ ವಾಪಸ್ ಸುರಿಯುತ್ತೇವೆ. ಆಮೇಲೆ ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಪುಡಿ ಕರಗಿ, ಕಣಗಳೆಲ್ಲ ಕೂಡಿಕೊಂಡು, ಹೊಳೆಯುವ ಉಬ್ಬುಗೆರೆಯಾಗುತ್ತದೆ. ಈ ಪುಡಿ ಶಾಖಕ್ಕೆ ಕರಗುವ ಪ್ಲಾಸ್ಟಿಕ್ ಜಾತಿಯದ್ದು. ಕೆಲವು ಮದುವೆ ಕಾರ್ಡುಗಳಲ್ಲಿ ಬೆರಳಿಗೆ ತಾಕುವಂಥ ಉಬ್ಬಿದ ಅಕ್ಷರ ಇರುತ್ತದಲ್ವಾ, ಪ್ರೆಸ್ಸಿನವರು ಅದನ್ನೂ ಹೀಗೇ ಪುಡಿ ಕರಗಿಸಿ ಮಾಡುತ್ತಾರೆ. ಆ ಪುಡಿ ಕರಗುವ ಗಳಿಗೆ ನೋಡಲು ಬಲು ಚೆಂದ. ಮಂಕಾಗಿದ್ದ ಗೆರೆ ಕಣ್ಣೆದುರೇ ಮಿಂಚತೊಡಗುತ್ತದೆ. ಅದನ್ನು ಒಮ್ಮೆ ನೋಡಿದವರು ಈ ಕೆಲಸ ಬಿಡುವುದಿಲ್ಲ.

ನಮ್ಮ ಅಮ್ಮನ ಸಹಸ್ರ ಚಂದ್ರ ದರ್ಶನ ಶಾಂತಿ ಇತ್ತು. ಹತ್ತಿರದ ನೆಂಟರಿಗೆ ಕೈಯಿಂದಲೇ ಮಾಡಿದ ಆಹ್ವಾನ ಪತ್ರಿಕೆ ಕೊಡೋಣ ಎಂದು ಅಕ್ಕನ ಮಗಳು ಹಠ ಹಿಡಿದಳು. ನನಗೂ ಖುಷಿಯಾಯಿತು. ನಾನು ಯಾವಾಗಲೂ ಕೊಳ್ಳುವ ಅಂಗಡಿಯಲ್ಲಿ ಚಿನ್ನದ ಬಣ್ಣದ ಪುಡಿ ಮುಗಿದಿತ್ತು. ಹಾಗಾಗಿ ಆನ್‌ಲೈನಿನಲ್ಲಿ ನೋಡಿ ಎರಡು ಕಿಟ್ ತರಿಸಿದೆವು. ಒಂದು ನನ್ನ ಮನೆಗೆ, ಒಂದು ಮೈಸೂರಿನಲ್ಲಿ ಓದುತ್ತಿರುವ ಅವಳಿಗೆ. ಜಾಹೀರಾತಿನ ವಿಡಿಯೋದಲ್ಲಿ ಪುಡಿ ಬೆಣ್ಣೆಯಂತೆ ಕರಗುತ್ತಿತ್ತು. ಡಬ್ಬಿಯಲ್ಲಿ ಆರು ಬಣ್ಣದ ಪುಡಿ, ಒಂದು ಇಂಕ್ ಪ್ಯಾಡು, ಹೀಟ್ ಗನ್, ನಾಲ್ಕು ಸ್ಟ್ಯಾಂಪು.

ಅವಳ ಕಿಟ್ ಮೊದಲು ಬಂತು. ಒಂದು ಸಂಜೆ ಫೋನ್ ಮಾಡಿದಳು. ದನಿಯೇ ಕುಗ್ಗಿತ್ತು. "ಚಿಕ್ಕಮ್ಮ, ನಂಗೆ ಇದು ಬರಲ್ಲ. ಎಷ್ಟು ಕಾಯ್ಸಿದ್ರೂ ಪುಡಿ ಪುಡಿಯಾಗೇ ಇದೆ. ಮುಟ್ಟಿದ್ರೆ ಕೈಗೆ ಮೆತ್ಕೊಳ್ಳುತ್ತೆ. ನೀವೇ ಮಾಡ್ಬಿಡಿ." ಕಾಲೇಜು ಮುಗಿಸಿ ಬಂದು ರಾತ್ರಿಯೆಲ್ಲ ಕೂತು, ಒಳ್ಳೆಯ ಕಾಗದವನ್ನೆಲ್ಲ ಕಂದು ಮಾಡಿಕೊಂಡಿದ್ದಳು. ತನಗೇ ಗೊತ್ತಾಗುತ್ತಿಲ್ಲ ಎಂದುಕೊಂಡಿದ್ದಳು ಪಾಪ. ನನಗೆ ಇದರಲ್ಲಿ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೇ. ದುಡ್ಡು ಹೋದರೆ ಹೋಗಲಿ. ಕಲಿಯುವ ಹುಡುಗಿಗೆ ತನ್ನ ಕೈ ಸರಿಯಿಲ್ಲ ಅನ್ನಿಸುವ ಹಾಗೆ ಮಾಡುತ್ತಾರಲ್ಲ!

ನನ್ನ ಕಿಟ್ ಬಂದಾಗ ಕಾರ್ಡಿಗೆ ಹಾಕಲು ಹೋಗಲಿಲ್ಲ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಚೂರಿನ ಮೇಲೆ ಒಂದು ಚಿಟಿಕೆ ಪುಡಿ ಇಟ್ಟೆ. ಪಕ್ಕದಲ್ಲಿ ನನ್ನ ಹಳೇ ಡಬ್ಬಿಯ ತಳದಲ್ಲಿದ್ದ ಪುಡಿ ಒಂದು ಚಿಟಿಕೆ. ಹಾರದಿರಲಿ ಎಂದು ಕೆಳಗಿನಿಂದ ನನ್ನ ಹಳೇ ಹೀಟ್ ಗನ್ ಹಿಡಿದೆ. ಹಳೆಯದು ಕರಗಿ ನುಣ್ಣಗೆ ಒಂದು ಹನಿಯಾಯಿತು. ಹೊಸದು ಹಾಗೇ ಕೂತಿತ್ತು, ಮಿಣಮಿಣ ಹೊಳೆಯುತ್ತಾ. ಬೆರಳಲ್ಲಿ ತಿಕ್ಕಿದರೆ ಟಾಲ್ಕಂ ಪೌಡರಿಗಿಂತ ನಯ. ಕಾಗೆ ಬಂಗಾರ! ರೆಸಿನ್ ಆರ್ಟಿಗೆ, ಸೋಪಿಗೆ, ಕಣ್ಣಿಗೆ ಹಚ್ಚುವ ಬಣ್ಣಕ್ಕೆ ಹಾಕುವ ಮೈಕಾ ಪುಡಿ. ಅದೂ ಒಳ್ಳೆಯ ಸಾಮಾನೇ, ಆದರೆ ಅದು ಖನಿಜ. ಕಲ್ಲಿನ ಪುಡಿ. ಹೀಟ್ ಗನ್ನಿಗೆ ಅದು ಕರಗುವ ಮಾತೇ ಇಲ್ಲ. ಆರು ಬಣ್ಣಗಳಲ್ಲಿ ನಾಲ್ಕು ಇದೇ. ಉಳಿದ ಎರಡು ಬರೀ ಗ್ಲಿಟರ್. ಅದು ಪ್ಲಾಸ್ಟಿಕ್ ಹಾಳೆಯ ಚೂರು. ಕಾಯಿಸಿದರೆ ಮುದುಡಿ ಕೆಟ್ಟ ವಾಸನೆ ಬರುತ್ತದೆ, ಗೆರೆಯಾಗಿ ಹರಡುವುದಿಲ್ಲ.

ಮೋಸ ಬೇಗ ಗೊತ್ತಾಗುವುದಿಲ್ಲ. ಅಂಟು ಇಂಕಿನ ಮೇಲೆ ಕಾಗೆ ಬಂಗಾರ ಚೆನ್ನಾಗಿಯೇ ಕೂರುತ್ತದೆ. ದೂರದಿಂದ ಚಿನ್ನದ ಅಕ್ಷರವೇ. ಕವರಿಗೆ ಹಾಕಿ ತೆಗೆದರೆ ಅಕ್ಷರ ಅರ್ಧ ಕವರಿನಲ್ಲಿ, ಅರ್ಧ ಕೈಯಲ್ಲಿ. ರೇಷ್ಮೆ ಸೀರೆ ಉಟ್ಟವರ ಮಡಿಲಿಗೆ ಬಿದ್ದರಂತೂ ಕೊಡವಿದಷ್ಟೂ ಹರಡುತ್ತದೆ. ಇಷ್ಟು ನಯವಾದ ದೂಳನ್ನು ಗನ್ನಿನ ಬಿಸಿಗಾಳಿ ಇಡೀ ಕೋಣೆಗೆ ಎಬ್ಬಿಸುತ್ತದೆ. ಅದನ್ನು ಉಸಿರಾಡುವುದು ಒಳ್ಳೆಯದಲ್ಲ. ಮಕ್ಕಳು ಪಕ್ಕದಲ್ಲಿದ್ದರಂತೂ ಬೇಡವೇ ಬೇಡ.

ಮಾರಿದವರಿಗೆ ಮೆಸೇಜ್ ಮಾಡಿದೆ. ಬಂದ ಉತ್ತರ: ಮೇಡಂ, ನೀವು ಸರಿಯಾಗಿ ಕಾಯಿಸಿಲ್ಲ, ಹೈ ಸ್ಪೀಡಿನಲ್ಲಿಟ್ಟು ಇನ್ನೂ ಹತ್ತಿರದಿಂದ ಎರಡು ನಿಮಿಷ ಹಿಡಿಯಿರಿ. ಇದನ್ನು ಓದಿ ನನಗೆ ಹೆದರಿಕೆಯೇ ಆಯಿತು. ಯಾಕೆಂದರೆ ಕಿಟ್ಟಿನಲ್ಲಿದ್ದದ್ದು ಕಾರ್ಡ್ ಕೆಲಸದ ಪುಟ್ಟ ಹೀಟ್ ಗನ್ ಅಲ್ಲ. ಗೋಡೆ, ಬಾಗಿಲಿನ ಹಳೇ ಪೇಂಟ್ ಎಬ್ಬಿಸಲು ಬಳಸುವ 1800 ವಾಟಿನ ಗನ್. ಇಂಥವು 500 ಡಿಗ್ರಿಗೂ ಮೇಲೆ ಹೋಗುತ್ತವೆ. ಒಳ್ಳೆಯ ಎಂಬಾಸಿಂಗ್ ಪುಡಿ ಕರಗಲು ಅದರ ಅರ್ಧದಷ್ಟೂ ಶಾಖ ಬೇಡ. ಕಾಗದ ಹೊತ್ತಿಕೊಳ್ಳಲು 230 ಡಿಗ್ರಿಯ ಆಸುಪಾಸು ಸಾಕು. ಮೇಜಿನ ತುಂಬ ಕಾಗದ, ರಿಬ್ಬನ್, ಅಂಟು ಇಟ್ಟುಕೊಂಡು ಎರಡು ನಿಮಿಷ ಹಿಡಿಯಬೇಕಂತೆ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. 1800 ವಾಟನ್ನು ನಮ್ಮ ಮನೆಯ 230 ವೋಲ್ಟಿನಿಂದ ಭಾಗಿಸಿ ನೋಡಿ, ಹತ್ತಿರ ಹತ್ತಿರ 8 ಆಂಪ್ ಆಗುತ್ತದೆ. ಗನ್ನಿಗೆ ಹಾಕಿ ಕಳಿಸಿದ್ದು ಚಿಕ್ಕ ಪ್ಲಗ್ಗು. ಮೊಬೈಲ್ ಚಾರ್ಜ್ ಮಾಡುವ ಚಿಕ್ಕ ಸಾಕೆಟ್ಟು, ಮಾಮೂಲಿ ಎಕ್ಸ್‌ಟೆನ್ಶನ್ ಬಾಕ್ಸು ಇರುವುದು 6 ಆಂಪಿಗೆ. ಅಕ್ಕನ ಮಗಳ ರೂಮಿನಲ್ಲಿ ಎಕ್ಸ್‌ಟೆನ್ಶನ್ ಬಾಕ್ಸಿನ ಒಂದು ತೂತು ಕಪ್ಪಾಗಿತ್ತು. ವಾಸನೆ ಬಂತೆಂದು ಅವಳು ಆಫ್ ಮಾಡಿದ್ದಕ್ಕೆ ಬಚಾವ್. ಇಂಥ ಗನ್ ಬಳಸಲೇಬೇಕೆಂದರೆ ಗೀಸರ್ ಹಾಕುವ 16 ಆಂಪಿನ ಸಾಕೆಟ್ಟಿಗೇ ಹಾಕಬೇಕು. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಗನ್ ಇದ್ದರೂ ಹುಷಾರು. ಅದರ ಮೇಲೆ 120 ವೋಲ್ಟ್ ಎಂದಷ್ಟೇ ಇದ್ದರೆ ಇಲ್ಲಿ ನೇರವಾಗಿ ಹಾಕಲೇಬೇಡಿ. ಹೆಚ್ಚುಕಡಿಮೆ ನಾಲ್ಕು ಪಟ್ಟು ಶಕ್ತಿ ಹರಿದು ಸುಟ್ಟುಹೋಗುತ್ತದೆ.

ಇಂಕ್ ಪ್ಯಾಡಿನ ಕಥೆ ಚಿಕ್ಕದು. ಅದು ಆಫೀಸಿನ ರಬ್ಬರ್ ಸ್ಟ್ಯಾಂಪಿಗೆ ಹಾಕುವಂಥ ಇಂಕು. ಪುಡಿ ಸುರಿಯುವಷ್ಟರಲ್ಲಿ ಒಣಗಿರುತ್ತಿತ್ತು. ಕೊನೆಗೆ ಇಬ್ಬರೂ ನನ್ನ ಹತ್ತಿರ ಇದ್ದ, ಬೇಗ ಒಣಗದ ಅಂಟು ಇಂಕಿನ ವರ್ಸಾಮಾರ್ಕ್ ಪ್ಯಾಡನ್ನೇ ಬಳಸಿದೆವು.

ಕೊಳ್ಳುವಾಗ ಏನು ನೋಡಬೇಕು? ಪುಡಿಯನ್ನು ಒಂದೇ ಒಂದು ಡಬ್ಬಿ ಕೊಳ್ಳಿ, ಕಿಟ್ ಬೇಡ. ನಿಜವಾದ ಎಂಬಾಸಿಂಗ್ ಪುಡಿ ಬೆರಳಿಗೆ ಸಣ್ಣ ಮರಳಿನ ಹಾಗೆ ತರಿತರಿಯಾಗಿ ಸಿಗುತ್ತದೆ, ಚರ್ಮದ ಮೇಲೆ ಹೊಳಪಿನ ಪದರ ಬಿಡುವುದಿಲ್ಲ. ಲೇಬಲ್ಲಿನಲ್ಲಿ ತಯಾರಕರು ಅಥವಾ ಆಮದುದಾರರ ಹೆಸರು, ವಿಳಾಸ, ತೂಕ, ಎಂಆರ್‌ಪಿ ಇರಲೇಬೇಕು. ಇದು ಕಾನೂನು. ನಮ್ಮ ಕಿಟ್ಟಿನ ಡಬ್ಬಿಗಳ ಮೇಲೆ ಬಣ್ಣದ ಹೆಸರು ಬಿಟ್ಟು ಏನೂ ಇರಲಿಲ್ಲ. ಮಾರಾಟದ ಪುಟದಲ್ಲಿ ರೆಸಿನ್ ಆರ್ಟ್, ಸ್ಲೈಮ್, ನೇಲ್ ಆರ್ಟ್, ಎಂಬಾಸಿಂಗ್ ಎಲ್ಲಕ್ಕೂ ಆಗುತ್ತದೆ ಎಂದಿದ್ದರೆ ಅದು ಕಾಗೆ ಬಂಗಾರವೇ ಅಂದುಕೊಳ್ಳಿ. ಅಕ್ಷರ, ತೆಳು ಗೆರೆಗೆ ಫೈನ್ ಡೀಟೇಲ್ ಪುಡಿ, ಅಂದರೆ ಇನ್ನೂ ಸಣ್ಣ ಕಣದ್ದು, ಕೇಳಿ. ಗನ್ ಎಂಬಾಸಿಂಗಿಗೆಂದೇ ಮಾಡಿದ್ದು, ಸುಮಾರು 300 ವಾಟಿನದು ಸಾಕೇ ಸಾಕು. ಹೇರ್ ಡ್ರೈಯರ್ ಆಗುವುದಿಲ್ಲ. ಅದರ ಗಾಳಿ ಜಾಸ್ತಿ, ಶಾಖ ಕಡಿಮೆ.

ಗನ್ನಿಗೆ ಖರ್ಚು ಮಾಡುವುದು ಬೇಡ ಅನ್ನುವವರು ಡ್ರೈ ಎಂಬಾಸಿಂಗಿನಿಂದ ಶುರು ಮಾಡಿ. ಒಂದು ಹಿತ್ತಾಳೆ ಸ್ಟೆನ್ಸಿಲ್, ತುದಿಯಲ್ಲಿ ಗುಂಡಿರುವ ಸ್ಟೈಲಸ್, ಬೆಳಕು ಬರುವ ಕಿಟಕಿಯ ಗಾಜು ಇದ್ದರಾಯಿತು. ಗಾಜಿಗೆ ಸ್ಟೆನ್ಸಿಲ್ ಅಂಟಿಸಿ, ಅದರ ಮೇಲೆ ಕಾರ್ಡಿನ ಮುಂಭಾಗ ಬರುವಂತೆ ಇಟ್ಟು, ಹಿಂಬದಿಯಿಂದ ಗೆರೆಯ ಅಂಚಿನಲ್ಲಿ ನಿಧಾನವಾಗಿ ಒತ್ತುತ್ತಾ ಹೋಗಿ. ಕಾಗದಕ್ಕೆ ಮೊದಲು ಸ್ವಲ್ಪ ಮೇಣ ಸವರಿದರೆ ಸ್ಟೈಲಸ್ ಸರಾಗ ಜಾರುತ್ತದೆ, ಕಾಗದ ಹರಿಯುವುದಿಲ್ಲ. ಬಿಳಿ ಕಾಗದದಲ್ಲಿ ಬಿಳಿಯದೇ ಉಬ್ಬು. ನನಗೆ ಚಿನ್ನದ ಗೆರೆಗಿಂತ ಇದೇ ಇಷ್ಟ. ಅಮ್ಮನ ಪತ್ರಿಕೆಗೆ ಚಂದ್ರನನ್ನು ಹೀಗೇ ಮೂಡಿಸಿದೆವು, ಹೆಸರಿಗೆ ಮಾತ್ರ ಹಳೇ ಡಬ್ಬಿಯ ಚಿನ್ನದ ಪುಡಿ.

ದುಡ್ಡಿನ ವಿಷಯ. ತೆರೆದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರಿದವರು ಕೈ ತೊಳೆದುಕೊಂಡರು. ಅಲ್ಲಿಗೇ ಬಿಡಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ಮಾರಾಟದ ತಾಣಕ್ಕೆ ದೂರು ಅಧಿಕಾರಿ ಇರಬೇಕು. 48 ಗಂಟೆಯೊಳಗೆ ದೂರು ತಲುಪಿತು ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಾನು ಫಾಯಿಲ್ ಮೇಲೆ ಎರಡೂ ಪುಡಿ ಕಾಯಿಸುವ ವಿಡಿಯೋ, ಲೇಬಲ್ ಇಲ್ಲದ ಡಬ್ಬಿಯ ಫೋಟೋ, ಕಾಯಿಸಿ ಎಂದು ಬಂದ ಮೆಸೇಜು ಎಲ್ಲ ಸೇರಿಸಿ ಕಳಿಸಿದೆ. ಎರಡೂ ಕಿಟ್ಟಿನ ದುಡ್ಡು ವಾಪಸ್ ಬಂತು. ಅಲ್ಲೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಡಬ್ಬಿ ಒಡೆಯುವಾಗಲೇ ವಿಡಿಯೋ ಮಾಡಿಟ್ಟುಕೊಳ್ಳಿ, ಮಾರಾಟದ ಪುಟದ ಸ್ಕ್ರೀನ್‌ಶಾಟೂ ಇರಲಿ. ನಮ್ಮ ದೂರು ಹೋದ ಮೇಲೆ ಅವರು ಪುಟದಿಂದ ಎಂಬಾಸಿಂಗ್ ಎಂಬ ಪದವನ್ನು ತೆಗೆದುಹಾಕಿದರು, ಆದರೆ ಕರಗುವ ವಿಡಿಯೋ ಇನ್ನೂ ಅಲ್ಲೇ ಇದೆ.