ಪಿಪಿಎಫ್ ಖಾತೆಯೊಂದಿಗೆ ಹದಿನೈದು ವರ್ಷ

2009ರ ನವೆಂಬರ್‌ನಲ್ಲಿ ನಮ್ಮ ತಾಲ್ಲೂಕು ಕೇಂದ್ರದ ಅಂಚೆ ಕಚೇರಿಯಲ್ಲಿ ನಾನು ತೆರೆದ ಸಾರ್ವಜನಿಕ ಭವಿಷ್ಯ ನಿಧಿ ಖಾತೆ, ಅಂದರೆ ಸರ್ಕಾರದ ಹದಿನೈದು ವರ್ಷದ ಉಳಿತಾಯ ಯೋಜನೆಯಾಗಿ ಎಲ್ಲರ ಬಾಯಲ್ಲಿರುವ ಪಿಪಿಎಫ್, 2025ರ ಮಾರ್ಚ್ 31ಕ್ಕೆ ಅವಧಿ ಮುಗಿಸಿತು. ನಾನು ಕಟ್ಟಿದ್ದು ಒಟ್ಟು 7,92,000 ರೂಪಾಯಿ. ನಡುವೆ ಒಂದು ಲಕ್ಷ ತೆಗೆದುಕೊಂಡಿದ್ದರೂ ಕೊನೆಯಲ್ಲಿ ಪಾಸ್‌ಬುಕ್‌ನಲ್ಲಿ 12,23,000ಕ್ಕೂ ಸ್ವಲ್ಪ ಹೆಚ್ಚು ಉಳಿದಿತ್ತು. ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತ, ಪಿಂಚಣಿಯೂ ಇಲ್ಲದೆ, ಭವಿಷ್ಯ ನಿಧಿಯ ಕಡಿತವೂ ಇಲ್ಲದೆ ಮೂವತ್ತು ವರ್ಷ ದುಡಿದ ನನಗೆ ಇದು ದೊಡ್ಡ ಮೊತ್ತ. ಆದರೂ ಆ ಪಾಸ್‌ಬುಕ್ಕನ್ನು ಮೊದಲ ಪುಟದಿಂದ ಓದುತ್ತ ಹೋದಾಗ ಎದ್ದು ಕಾಣುವುದು ಬಡ್ಡಿಗಿಂತ ಹೆಚ್ಚಾಗಿ ನಾನು ಆಯಾ ವರ್ಷ ತೆಗೆದುಕೊಂಡ ನಿರ್ಧಾರಗಳು. ಆದ್ದರಿಂದ ಈ ಯೋಜನೆಯ ಗುಣದೋಷಗಳನ್ನು ಆ ನಿರ್ಧಾರಗಳ ಜೊತೆಯಲ್ಲೇ ಹೇಳಬೇಕಾಗಿದೆ.

ಪಾಸ್‌ಬುಕ್‌ನಲ್ಲಿ ಇಲ್ಲದ ವರ್ಷಗಳ ವಿಷಯವನ್ನೇ ಮೊದಲು ಹೇಳುತ್ತೇನೆ. ಪಿಪಿಎಫ್ 1968ರಿಂದ ಇದೆ. ನಾನು ಕೆಲಸಕ್ಕೆ ಸೇರಿದ 1990ರ ದಶಕದ ಆರಂಭದಲ್ಲಿ ಅದರ ಬಡ್ಡಿ ಶೇ. 12 ಇತ್ತು ಮತ್ತು 2000ದ ಜನವರಿಯವರೆಗೂ ಹಾಗೆಯೇ ಇತ್ತು. ಅಂಚೆ ಕಚೇರಿ ಶಾಲೆಯ ದಾರಿಯಲ್ಲೇ ಇದ್ದರೂ ನಾನು ಒಳಗೆ ಹೋಗಿ ಒಂದು ಮಾತು ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಆಗ ಉಳಿತಾಯವೆಂದರೆ ಚೀಟಿ. ಶಿಕ್ಷಕಿಯರು, ಅಂಗಡಿಯವರು, ಹೊಲಿಗೆಯವರು ಎಲ್ಲರೂ ಪರಿಚಯದವರೊಬ್ಬರ ಬಳಿ ತಿಂಗಳಿಗಿಷ್ಟು ಎಂದು ಕಟ್ಟಿ, ಕೂಗಿನ ದಿನ ಅವರ ಮನೆಯ ಜಗಲಿಯಲ್ಲಿ ಸೇರುತ್ತಿದ್ದೆವು. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಚೀಟಿ ನೋಂದಣಿಯಾಗಿರಬೇಕು ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ನೋಂದಣಿಯಾದ ಚೀಟಿಗಳ ಬಗ್ಗೆ ನನಗೆ ತಕರಾರಿಲ್ಲ, ನಮ್ಮದು ಅಂಥದ್ದಾಗಿರಲಿಲ್ಲ. 2008ರಲ್ಲಿ, ಐವತ್ತು ಕಂತಿನ ಚೀಟಿಗೆ ಮೂವತ್ತೆಂಟನೆಯ ಕಂತು ಕಟ್ಟಿದ ಮೇಲೆ, ಚೀಟಿ ನಡೆಸುತ್ತಿದ್ದವರು ರಾತ್ರೋರಾತ್ರಿ ಊರು ಬಿಟ್ಟರು. ಮಗಳ ಕಾಲೇಜಿಗೆಂದು ಚೀಟಿ ಎತ್ತದೆ ಕೊನೆಯವರೆಗೆ ಕಾದಿದ್ದ ನನಗೆ ಒಂದು ರೂಪಾಯಿಯೂ ಮರಳಲಿಲ್ಲ.

ಆ ನಷ್ಟಕ್ಕಿಂತ ನನ್ನನ್ನು ಹೆಚ್ಚು ಕಾಡುವ ಲೆಕ್ಕವೊಂದಿದೆ. 1993ರ ಏಪ್ರಿಲ್‌ನಿಂದ ಏಳು ವರ್ಷ, ವರ್ಷಕ್ಕೆ 6,000 ರೂಪಾಯಿಯಂತೆ ಶೇ. 12ರ ಬಡ್ಡಿಯಲ್ಲಿ ಪಿಪಿಎಫ್‌ಗೆ ಕಟ್ಟಿದ್ದರೆ, 42,000 ರೂಪಾಯಿ ಸುಮಾರು 67,800 ಆಗಿರುತ್ತಿತ್ತು ಮತ್ತು ಹದಿನೈದು ವರ್ಷದ ಅವಧಿ ನಾನು ಚೀಟಿಯ ಹಣ ಕಳೆದುಕೊಂಡ ಮರುವರ್ಷವೇ, 2009ರಲ್ಲಿ ಮುಗಿದು, ಇಡೀ ಮೊತ್ತ ಕೈಗೆ ಬಂದಿರುತ್ತಿತ್ತು. ಬದುಕಿನಲ್ಲಿ ಒಂದನ್ನು ಬದಲಾಯಿಸಬಹುದೆಂದರೆ ನಾನು ಆರಿಸಿಕೊಳ್ಳುವುದು ಇದನ್ನೇ: ಮೊದಲ ಸಂಬಳದ ತಿಂಗಳಲ್ಲಿ ಆ ಕೌಂಟರಿನ ಮುಂದೆ ನಿಲ್ಲುವುದು.

ಇನ್ನು ಖಾತೆಯ ವಿಷಯ. ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಿದರೆ ಖಾತೆ ಜೀವಂತವಾಗಿರುತ್ತದೆ. ಗರಿಷ್ಠ ಮಿತಿ ನಾನು ಸೇರಿದಾಗ 70,000 ಇತ್ತು, 2011ರಲ್ಲಿ ಒಂದು ಲಕ್ಷವಾಗಿ 2014ರಲ್ಲಿ ಒಂದೂವರೆ ಲಕ್ಷಕ್ಕೆ ಏರಿತು. ಬಡ್ಡಿಗೆ ಆದಾಯ ತೆರಿಗೆಯಿಲ್ಲ. ಸಾಲ ಕೊಟ್ಟವರು ನ್ಯಾಯಾಲಯದ ಡಿಕ್ರಿ ತಂದರೂ ಈ ಹಣವನ್ನು ಜಪ್ತಿ ಮಾಡಿಸುವಂತಿಲ್ಲ. ಸಣ್ಣ ವ್ಯಾಪಾರ ಮಾಡುವವರ ಮನೆಗಳಲ್ಲಿ ಇದಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಅನುಭವಿಸಿದವರೇ ಬಲ್ಲರು.

ನಾನು ವರ್ಷಗಟ್ಟಲೆ ಮಾಡಿದ ತಪ್ಪು ಬಡ್ಡಿಯ ಲೆಕ್ಕಾಚಾರಕ್ಕೆ ಸಂಬಂಧಿಸಿದ್ದು. ಪ್ರತಿ ತಿಂಗಳು 5ನೆಯ ತಾರೀಖು ಕಳೆದ ಮೇಲಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತದೆ. ನಾನು 2015ರವರೆಗೆ, ಎಲ್ಲರಂತೆ, ಮಾರ್ಚ್ ಕೊನೆಯ ವಾರದ ನೂಕುನುಗ್ಗಲಿನಲ್ಲಿ 36,000 ರೂಪಾಯಿ ಕಟ್ಟುತ್ತಿದ್ದೆ. ಆ ಹಣಕ್ಕೆ ಆ ವರ್ಷ ಬಿಡಿಗಾಸಿನ ಬಡ್ಡಿಯೂ ಬರುತ್ತಿರಲಿಲ್ಲ. ಅದನ್ನೇ ಏಪ್ರಿಲ್ 5ರೊಳಗೆ ಕಟ್ಟಿದ್ದರೆ, ಅಂದಿನ ಶೇ. 8.7ರ ದರದಲ್ಲಿ ವರ್ಷಕ್ಕೆ 3,132 ರೂಪಾಯಿ ಸೇರುತ್ತಿತ್ತು. ಪೂರ್ಣ ಒಂದೂವರೆ ಲಕ್ಷ ಕಟ್ಟುವವರಿಗೆ, ಈಗಿನ ಶೇ. 7.1ರ ದರವೇ ಮುಂದುವರಿಯುತ್ತದೆಂದು ಲೆಕ್ಕ ಹಾಕಿದರೆ, ಹದಿನೈದು ವರ್ಷದಲ್ಲಿ ಈ ವ್ಯತ್ಯಾಸ ಸುಮಾರು 2,70,000 ರೂಪಾಯಿ ಆಗುತ್ತದೆ. ನಿಯಮ ಗುಟ್ಟಿನದೇನಲ್ಲ, ಆದರೆ ಖಾತೆ ತೆರೆಯುವ ದಿನ ಯಾರೂ ಇದನ್ನು ಹೇಳುವುದಿಲ್ಲ. ಪಾಸ್‌ಬುಕ್‌ನ ಮೊದಲ ಪುಟದಲ್ಲೇ ಈ ಒಂದು ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಮುದ್ರಿಸಬೇಕೆಂದು ನನ್ನ ಮನಃಪೂರ್ವಕ ಕೋರಿಕೆ.

2018ರ ಮೇ ತಿಂಗಳಲ್ಲಿ ನಾನು ಒಂದು ಲಕ್ಷ ರೂಪಾಯಿ ಹಿಂತೆಗೆದೆ. ಏಳನೆಯ ಆರ್ಥಿಕ ವರ್ಷದಿಂದ ವರ್ಷಕ್ಕೊಮ್ಮೆ ಹೀಗೆ ತೆಗೆಯಬಹುದು, ಆದರೆ ಈಗಿನ ಮೊತ್ತದ ಅರ್ಧ ಸಿಗುತ್ತದೆಂದು ತಿಳಿಯಬಾರದು: ನಾಲ್ಕು ವರ್ಷ ಹಿಂದಿನ ಆರ್ಥಿಕ ವರ್ಷದ ಕೊನೆಗೆ ಇದ್ದ ಮೊತ್ತ ಮತ್ತು ಹಿಂದಿನ ವರ್ಷದ ಕೊನೆಗೆ ಇದ್ದ ಮೊತ್ತ, ಇವೆರಡರಲ್ಲಿ ಕಡಿಮೆಯದರ ಅರ್ಧ ಮಾತ್ರ ಸಿಗುತ್ತದೆ. ಖಾತೆಯಲ್ಲಿ ಐದು ಲಕ್ಷ ದಾಟಿದ್ದರೂ ನನಗೆ ಸಿಗಬಹುದಾಗಿದ್ದದ್ದು ಒಂದು ಲಕ್ಷ ಹದಿನಾರು ಸಾವಿರದಷ್ಟೇ. ಅದು ಮಗಳ ನರ್ಸಿಂಗ್ ಕೋರ್ಸಿನ ಶುಲ್ಕಕ್ಕೆ ಮತ್ತು ಹಾಸ್ಟೆಲಿಗೆ ಹೋಯಿತು. ಆ ಲಕ್ಷ ಖಾತೆಯಲ್ಲೇ ಇದ್ದಿದ್ದರೆ ಇಂದಿಗೆ ಒಂದು ಲಕ್ಷ ಅರವತ್ತು ಸಾವಿರ ದಾಟುತ್ತಿತ್ತು ಎಂದು ನನ್ನ ಅಣ್ಣ ಲೆಕ್ಕ ಹಾಕಿ ತೋರಿಸಿದ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದೇ ದಿನ ಮತ್ತೆ ಬಂದರೆ ನಾನು ಮತ್ತೆ ಅದೇ ಫಾರಂ ತುಂಬುತ್ತೇನೆ.

ಅದೇ ವರ್ಷ ಮನೆಯ ಮುಂದೆ ಕಾರು ನಿಲ್ಲಬೇಕೆಂಬ ಆಸೆ ನಮ್ಮೆಲ್ಲರಿಗೂ ಬಂದಿತ್ತು. ಉಳಿದ ಹಣ ಬೀಗದೊಳಗಿದ್ದದ್ದರಿಂದ ಆ ಮಾತು ಅಲ್ಲಿಗೇ ನಿಂತಿತು. ಹದಿನೈದು ವರ್ಷದ ಕಟ್ಟು ಬಹಳ ಬಿಗಿ ಎಂದು ದೂರುವವರಿಗೆ ನಾನು ಹೇಳುವುದು ಇಷ್ಟೇ: ಕೈಗೆ ಸಿಗುವ ಜಾಗದಲ್ಲಿದ್ದ ನನ್ನ ಹಣ ಯಾವುದೂ ಇಷ್ಟು ಕಾಲ ಉಳಿದಿಲ್ಲ.

ಕೊರತೆಗಳೂ ಇವೆ. 2020ರ ಏಪ್ರಿಲ್‌ನಲ್ಲಿ ಶೇ. 7.9ರಿಂದ 7.1ಕ್ಕೆ ಇಳಿದ ಬಡ್ಡಿ ನನ್ನ ಖಾತೆಯ ಅವಧಿ ಮುಗಿಯುವವರೆಗೂ ಅಲ್ಲೇ ನಿಂತಿತ್ತು. ಅಕ್ಕಿ, ಔಷಧಿಗಳ ಬೆಲೆ ಮಾತ್ರ ನಿಲ್ಲಲಿಲ್ಲ. ಜಂಟಿ ಖಾತೆಗೆ ಅವಕಾಶವಿಲ್ಲ. ಹದಿನೈದು ವರ್ಷವನ್ನು ಖಾತೆ ತೆರೆದ ಆರ್ಥಿಕ ವರ್ಷದ ಕೊನೆಯಿಂದ ಎಣಿಸುವುದರಿಂದ ಕಾಯುವ ಕಾಲ ಇನ್ನೂ ಉದ್ದವಾಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಕಟ್ಟಿದ ಹಣದ ಮೇಲೆ ತೆರಿಗೆ ವಿನಾಯಿತಿ ದೊರೆಯುವುದಿಲ್ಲ. ಎರಡು ಮೂರು ವರ್ಷದೊಳಗೆ ಹಣ ಬೇಕಾಗಬಹುದಾದವರು ಇದಕ್ಕೆ ಕೈ ಹಾಕಬಾರದು.

ಅವಧಿ ಮುಗಿದ ಒಂದು ವರ್ಷದೊಳಗೆ ಫಾರಂ 4 ಕೊಟ್ಟರೆ ಹಣ ಕಟ್ಟುತ್ತಲೇ ಐದು ವರ್ಷ ಮುಂದುವರಿಸಬಹುದು ಮತ್ತು ಆ ಐದು ವರ್ಷದಲ್ಲಿ ಆರಂಭದ ಮೊತ್ತದ ಶೇ. 60ರವರೆಗೆ ತೆಗೆಯಬಹುದು. ಫಾರಂ ಕೊಡದಿದ್ದರೂ ಬಡ್ಡಿ ಬರುತ್ತದೆ, ಹೊಸದಾಗಿ ಹಣ ಕಟ್ಟುವಂತಿಲ್ಲ, ಅಷ್ಟೇ. ನಾನು 2025ರ ಏಪ್ರಿಲ್ 3ರಂದು ಫಾರಂ 4 ಕೊಟ್ಟೆ. ಈಗ ಆಸ್ಪತ್ರೆಯಲ್ಲಿ ಕೆಲಸದಲ್ಲಿರುವ ಮಗಳು ರಾತ್ರಿ ಪಾಳಿ ಮುಗಿಸಿ ನನ್ನ ಜೊತೆ ಬಂದಿದ್ದಳು. ಪಕ್ಕದ ಕೌಂಟರಿನಲ್ಲಿ ತನ್ನ ಹೆಸರಿನ ಅರ್ಜಿ ತುಂಬುತ್ತ ಅವಳು ಕೇಳಿದ ಮೊದಲ ಪ್ರಶ್ನೆ, "ಅಮ್ಮ, ಇವತ್ತೇ ಕಟ್ಟಿದರೆ ಈ ತಿಂಗಳ ಬಡ್ಡಿಯೂ ಸಿಗುತ್ತದೆ ಅಲ್ಲವಾ?"