ಚೆರ್ನಿ ಕಪಾಟಿನಲ್ಲಿ, ಹ್ಯಾನನ್ ಸ್ಟ್ಯಾಂಡಿನ ಮೇಲೆ

ಪಿಯಾನೊ ಕಲಿಯಲು ಮೊದಲು ದುಡ್ಡು ಕೊಟ್ಟು ತಂದದ್ದು ಚೆರ್ನಿಯ ಅಭ್ಯಾಸದ ಪುಸ್ತಕ, ಓಪಸ್ (ಕೃತಿ ಸಂಖ್ಯೆ) 299. ಹೆಸರೇ ‘ವೇಗದ ಪಾಠಶಾಲೆ’, ಬೇಗ ಕಲಿಯಬಹುದು ಅಂದುಕೊಂಡೆ. ಹೊಸಬರು ಹಿಡಿಯಬೇಕಾದದ್ದು ಅವರದೇ ಓಪಸ್ 599 ಅಂತ ಗೊತ್ತಾಗುವಷ್ಟರಲ್ಲಿ ಮೊದಲ ಪುಟದ ತುಂಬ ಪೆನ್ಸಿಲ್ ಗೀಟು. ಹ್ಯಾನನ್ ಬರೆದ ಬೆರಳಿನ ಅಭ್ಯಾಸಗಳ ಪುಸ್ತಕ ಬಂದದ್ದು ಆಮೇಲೆ, ಅದೂ ಪುಕ್ಕಟೆ. ಕಾಪಿರೈಟ್ ಮುಗಿದು ಯಾವ ಕಾಲವಾಯಿತೋ. ಜೆರಾಕ್ಸ್ ಅಂಗಡಿಯಲ್ಲಿ ಮೊದಲ 20 ಅಭ್ಯಾಸಗಳ ಪ್ರಿಂಟ್ ತೆಗೆಸಿದೆ. ಈಗ ದಿನಾ ಕೂರುವುದು ಅದರ ಮುಂದೆಯೇ.

ಹೆಸರು-ಕೀರ್ತಿ ನೋಡಿದರೆ ಚೆರ್ನಿಯದೇ ತೂಕ ಜಾಸ್ತಿ. ವಿಯೆನ್ನಾದವರು, ಬೇತೊವನ್ನರ ಶಿಷ್ಯ, ಹೆಸರಾಂತ ಪಿಯಾನೊ ವಾದಕ ಲಿಸ್ಟ್‌ಗೆ ಗುರು. ಹ್ಯಾನನ್ (ಫ್ರೆಂಚರ ಬಾಯಲ್ಲಿ ‘ಹ’ ಹೊರಡುವುದೇ ಇಲ್ಲ) 1819ರಲ್ಲಿ ಉತ್ತರ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಬುಲೋನ್ ಎಂಬ ಕಡಲತೀರದ ಊರಿನಲ್ಲಿ ಪಿಯಾನೊ ಪಾಠ ಹೇಳಿಕೊಂಡಿದ್ದ ಮೇಷ್ಟ್ರು. 1873ರ 60 ಅಭ್ಯಾಸಗಳ ಪುಸ್ತಕದಿಂದಲೇ ಅವರ ಹೆಸರು ಉಳಿಯಿತು. ರಷ್ಯಾದ ಸಂಗೀತ ಶಾಲೆಗಳಲ್ಲಿ ಮಕ್ಕಳು ಇದನ್ನೇ ಬೇರೆ ಬೇರೆ ಶ್ರುತಿಯಲ್ಲಿ ನುಡಿಸಿ ಪರೀಕ್ಷೆ ಕೊಡಬೇಕಿತ್ತು ಅಂತ ಅಲ್ಲಿನ ಹೆಸರಾಂತ ಪಿಯಾನೊ ವಾದಕ ರಾಖ್ಮನಿನಾಫ್ ಹೇಳಿದ್ದಾರೆ.

ಸರಳೆ ವರಸೆ ಹಾಡಿದವರಿಗೆ ಹ್ಯಾನನ್ ಹೊಸದೇನಲ್ಲ. ಮೊದಲನೆಯದು ಸ ಗ ಮ ಪ ದ ಪ ಮ ಗ. ಮುಂದೆ ರಿ ಮ ಪ ದ ನಿ ದ ಪ ಮ. ಹೀಗೇ ಒಂದೊಂದು ಮೆಟ್ಟಿಲು ಮೇಲೆ, ಎರಡೂ ಕೈ ಒಟ್ಟಿಗೆ. ಎಡಗೈ ಕಿರುಬೆರಳು ಸ ಮೇಲೆ ಕೂತಿರುವಾಗ ಉಂಗುರದ ಬೆರಳು ರಿ ದಾಟಿ ಗ ಮುಟ್ಟಬೇಕು. ಪರದಾಟವೆಲ್ಲ ಅಲ್ಲೇ. ಎರಡು ದಿನದಲ್ಲಿ ಪುಟ ನೋಡುವ ಅಗತ್ಯವೇ ಬೀಳಲಿಲ್ಲ.

ಒಂದೇ ತಕರಾರು, ಸದ್ದು. ಬೆರಳು ಚೆನ್ನಾಗಿ ಎತ್ತಿ ನುಡಿಸಿ ಅಂತ ಹ್ಯಾನನ್ ಬರೆದಿದ್ದಾರೆ. ನನ್ನದು ಡಿಜಿಟಲ್ ಪಿಯಾನೊ, ಹೆಡ್‌ಫೋನ್ ಹಾಕಿಕೊಂಡರೆ ಯಾರಿಗೂ ಕೇಳಿಸಲ್ಲ ಅಂತ ಬೆಳಗ್ಗೆ ಆರಕ್ಕೇ ಶುರುಮಾಡಿದೆ. ನಾಲ್ಕನೇ ದಿನ ಕೆಳಗಿನ ಮನೆ ಆಂಟಿ ಮೆಟ್ಟಿಲ ಹತ್ತಿರ ಹಿಡಿದು ಕೇಳಿದರು: “ಏನಪ್ಪಾ, ದಿನಾ ಇಷ್ಟು ಬೆಳಗ್ಗೆ ಮಸಾಲೆ ಕುಟ್ತೀರಾ?” ಸ್ವರವೆಲ್ಲ ನನ್ನ ಕಿವಿಗೆ, ಕುಟ್ಟುವ ಸದ್ದೆಲ್ಲ ಅವರ ತಲೆಯ ಮೇಲೆ!

ಪಿಯಾನೊ ಸ್ಟ್ಯಾಂಡಿನ ಕಾಲಿಗೆ ರಬ್ಬರ್ ಮ್ಯಾಟ್ ಹಾಕಿದೆ. ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ಪುಸ್ತಕ ಹೇಳುವ ಮೆಟ್ರೊನೋಮ್ (ತಾಳ ಬಡಿಯುವ ಯಂತ್ರ) ವೇಗ ನಿಮಿಷಕ್ಕೆ 60ರಿಂದ 108 ಬಡಿತ. ನಾನು ಮೊದಲ ವಾರವೇ 100ಕ್ಕೆ ಹಾರಿದ್ದೆ. ಮಣಿಕಟ್ಟು ಬೇರೆ ನೋಯುತ್ತಿತ್ತು. 60ಕ್ಕೆ ಇಳಿದು, ಮೇಷ್ಟ್ರ ಮಾತು ಮೀರಿ ಬೆರಳನ್ನು ಕೀ ಹತ್ತಿರವೇ ಇಟ್ಟುಕೊಂಡೆ. ಕುಟ್ಟಾಟ ನಿಂತಿತು, ನೋವೂ ಹೋಯಿತು.

ಚೆರ್ನಿ ನುಡಿಸುವಾಗ ಈ ದೂರು ಬಂದಿರಲಿಲ್ಲ. ಎರಡು ಬಾರ್‌ಗೊಮ್ಮೆ (ನಮ್ಮ ತಾಳದ ಆವರ್ತದ ಹಾಗೆ) ನಿಲ್ಲಿಸುತ್ತಿದ್ದೆ, ಅದಕ್ಕೆ.

ಕೇಳಲು ಚೆಂದ ಚೆರ್ನಿಯೇ, ಒಪ್ಪುತ್ತೇನೆ. ಹ್ಯಾನನ್‌ನಲ್ಲಿ ರಾಗದ ಸುಳಿವೂ ಇಲ್ಲ. ಆದರೆ ಆಫೀಸಿಗೆ ಹೊರಡುವ ಮುಂಚೆ ನನಗೆ ಸಿಗುವುದು 20 ನಿಮಿಷ. ಅಷ್ಟರಲ್ಲಿ ಚೆರ್ನಿಯ ಒಂದು ಸಾಲೂ ನೆಟ್ಟಗೆ ಬರಲ್ಲ.

299 ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ. ಪೆನ್ಸಿಲ್ ಗೀಟು ನೀವೇ ಅಳಿಸಿಕೊಳ್ಳಬೇಕು.