ಎರಡು ‘ಎಸಿ 1200’, ಒಂದು ‘ಎಎಕ್ಸ್ 1500’: ಯಾವ ರೂಟರ್ ಕೊಳ್ಳಬೇಕು?

ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಅಂಕಿಯನ್ನು ನೋಡಿ ರೂಟರ್ ಕೊಳ್ಳಬೇಡಿ. ಮೈಸೂರಿನ ಲಕ್ಷ್ಮೀಪುರಂನಲ್ಲಿರುವ ನಮ್ಮ ಮನೆಗೆ 200 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ಅದಕ್ಕೇ ಮೂರು ರೂಟರ್‌ಗಳನ್ನು ಜೋಡಿಸಿ ನೋಡಿದ್ದೇನೆ.

‘ಎಸಿ’ ಅಂದರೆ ವೈಫೈ 5, ‘ಎಎಕ್ಸ್’ ಅಂದರೆ ವೈಫೈ 6. ಪಕ್ಕದ ಅಂಕಿ ಎರಡು ಬ್ಯಾಂಡ್‌ಗಳ (ವೈಫೈ ಬಳಸುವ ರೇಡಿಯೊ ಅಲೆಗಳ ಪಟ್ಟಿಗಳ) ಗರಿಷ್ಠ ವೇಗದ ಮೊತ್ತ. 2.4 ಗಿಗಾಹರ್ಟ್ಸ್‌ನ 300ಕ್ಕೆ 5 ಗಿಗಾಹರ್ಟ್ಸ್‌ನ 867 ಕೂಡಿಸಿದರೆ 1167. ಅದೇ ಡಬ್ಬದ ಮೇಲೆ 1200 ಆಗುತ್ತದೆ. ನಮ್ಮ ಮೊಬೈಲ್‌ಗಳು ಒಂದು ಹೊತ್ತಿಗೆ ಒಂದೇ ಬ್ಯಾಂಡ್ ಹಿಡಿಯುವುದರಿಂದ ಈ ಮೊತ್ತ ಯಾರ ಕೈಗೂ ಸಿಗುವುದಿಲ್ಲ.

ಎರಡು ‘ಎಸಿ 1200’ಗಳಲ್ಲಿ ಅಗ್ಗದ್ದು ಲ್ಯಾಪ್‌ಟಾಪಿಗೆ 95ರ ಮೇಲೆ ಕೊಡಲೇ ಇಲ್ಲ. ರೂಟರಿನ ಪಕ್ಕದಲ್ಲೇ ಕುಳಿತರೂ ಅಷ್ಟೇ. ಇನ್ನೊಂದು ಸಲೀಸಾಗಿ 200ರ ಹತ್ತಿರ ಹೋಯಿತು. ಕಾರಣ ಡಬ್ಬದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು: ಮೊದಲನೆಯದರ ಪೋರ್ಟ್‌ಗಳು (ತಂತಿ ಸಿಕ್ಕಿಸುವ ಕಿಂಡಿಗಳು) 10/100, ಅಂದರೆ ಹೆಚ್ಚೆಂದರೆ 100 ಎಂಬಿಪಿಎಸ್; ಎರಡನೆಯದರವು 10/100/1000, ಅಂದರೆ 1000ದವರೆಗೆ ಹೋಗುವ ‘ಗಿಗಾಬಿಟ್’ ಪೋರ್ಟ್‌ಗಳು. ಫೈಬರ್ ಪೆಟ್ಟಿಗೆಯಿಂದ ಬರುವ ತಂತಿ 100ರ ಪೋರ್ಟಿಗೆ ಸಿಕ್ಕಿಸಿದ ಮೇಲೆ ವೈಫೈ ಎಷ್ಟೇ ಜೋರಾಗಿದ್ದರೂ ಇಂಟರ್ನೆಟ್ ಅದನ್ನು ಮೀರುವಂತಿಲ್ಲ. ಆ 100ರ ಪೋರ್ಟಿಗೆ ‘ಫಾಸ್ಟ್ ಈಥರ್‌ನೆಟ್’ ಎಂಬ ಹೆಸರಿದೆ. ತೊಂಬತ್ತರ ದಶಕದಲ್ಲಿ ಅದು ನಿಜವಾಗಿಯೂ ವೇಗದ್ದೇ; ಇಂದು ಅದೇ ಹೆಸರಿನಿಂದ ಮಾರುವುದು ಗ್ರಾಹಕರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅಂಗಡಿಯಲ್ಲಿ ‘ಗಿಗಾಬಿಟ್ ಪೋರ್ಟ್ ಇದೆಯೇ’ ಎಂದು ಬಾಯಿಬಿಟ್ಟು ಕೇಳಿ.

‘ಎಎಕ್ಸ್ 1500’ ಕೊಟ್ಟದ್ದೂ ಅದೇ 200. ಸಂಪರ್ಕವೇ ಅಷ್ಟಿರುವಾಗ ಹೆಚ್ಚು ಬರುವುದಾದರೂ ಎಲ್ಲಿಂದ? ಒಂದೇ ಹೊತ್ತಿಗೆ ಹತ್ತಾರು ಸಾಧನಗಳು ನಡೆಯುವ ಮನೆಯಲ್ಲಿ ವೈಫೈ 6 ಉಪಯೋಗಕ್ಕೆ ಬರುತ್ತದೆ. ನಾಲ್ಕೈದು ಮೊಬೈಲ್‌ಗಳ ನಮ್ಮ ಮನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಅಕ್ಕನ ಮಗಳು ಓದುವ ಮಹಡಿಯ ಕೋಣೆಯಲ್ಲಿ ಮಾತ್ರ ಮೂರೂ ಸೋತವು. ನಮ್ಮದು ಹಳೆಯ ಕಾಲದ ದಪ್ಪ ಗೋಡೆ; 5 ಗಿಗಾಹರ್ಟ್ಸ್ ಅದನ್ನು ದಾಟುವಷ್ಟರಲ್ಲಿ ಸೊರಗುತ್ತದೆ. ಅಲ್ಲಿಗೆ ಮೊದಲು ರಿಪೀಟರ್ ಹಾಕಿದೆವು; ರೂಟರಿನ ವೈಫೈ ಹಿಡಿದು ಮತ್ತೆ ಹರಡುವ ಸಾಧನ ಅದು. ‘ಎಕ್ಸ್‌ಟೆಂಡರ್’, ‘ಬೂಸ್ಟರ್’ ಎಂದು ಮಾರುವುದೂ ಸಾಮಾನ್ಯವಾಗಿ ಇದನ್ನೇ. ಮೊಬೈಲಿನಲ್ಲಿ ವೈಫೈ ಕಡ್ಡಿಗಳು ತುಂಬಿದವು, ಆದರೆ ಪಾಠದ ವಿಡಿಯೊ ನಿಂತು ನಿಂತು ಓಡಿತು. ನಮ್ಮ ರಿಪೀಟರ್ ಒಂದೇ ರೇಡಿಯೊದಿಂದ ಕೇಳಿಸಿಕೊಂಡು ಅದರಿಂದಲೇ ಮತ್ತೆ ಹೇಳಬೇಕು. ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ.

ಆಕ್ಸೆಸ್ ಪಾಯಿಂಟ್ ಹಾಗಲ್ಲ. ರೂಟರಿನಿಂದ ತಂತಿಯಲ್ಲಿ ಬಂದದ್ದನ್ನು ಆ ಕೋಣೆಯಲ್ಲಿ ವೈಫೈ ಆಗಿ ಹಂಚುವುದಷ್ಟೇ ಅದರ ಕೆಲಸ. ಹೊಸದನ್ನು ಕೊಳ್ಳಬೇಕಾಗಲಿಲ್ಲ. ಅಗ್ಗದ ‘ಎಸಿ 1200’ನ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಆರಿಸಿ, ಮೆಟ್ಟಿಲ ಪಕ್ಕದಿಂದ ‘ಕ್ಯಾಟ್ 5ಇ’ ಎಂಬ ನೆಟ್‌ವರ್ಕ್ ತಂತಿ ಎಳೆಸಿದೆವು. ಮಹಡಿಯಲ್ಲಿ ಈಗ 90ರ ಆಸುಪಾಸು ಬರುತ್ತದೆ, ಪಾಠಕ್ಕೆ ಧಾರಾಳವಾಯಿತು. ಕೆಳಗೆ ಗಿಗಾಬಿಟ್ ಪೋರ್ಟಿನ ‘ಎಸಿ 1200’ ಉಳಿಸಿಕೊಂಡು, ‘ಎಎಕ್ಸ್ 1500’ ಅನ್ನು ಮಂಡ್ಯದಲ್ಲಿರುವ ತಮ್ಮನಿಗೆ ಕೊಟ್ಟೆ; ಅವನದು ಕೂಡುಕುಟುಂಬ, ಮೊಬೈಲ್‌ಗಳು ಬಹಳ.